ಒಣಮರದ ಹಿಡಿ

ಒಲೆಯ ಮೇಲೆ ನೀರಿಟ್ಟು, ಅವಳು ಸೋಪಿನ ಬಟ್ಟಲಿಗೆ ಅಂಟಿದ್ದ ಹಳೆಯ ನೊರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ನಾಲ್ಕು ದಿನ ಯಾರೂ ಮುಟ್ಟದ ಬಟ್ಟಲು. ನೊರೆ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ನಡುಮನೆಯಲ್ಲಿ ಗಂಡ ಬಿಳಿ ಹೊದಿಕೆಯ ಕೆಳಗೆ ಮಲಗಿದ್ದ. ಆಸ್ಪತ್ರೆಯಲ್ಲಿ ಬೆಳೆದ ಗಡ್ಡ ಹಾಗೇ ಇತ್ತು. ಸ್ಮಶಾನದ ಗಾಡಿ ಮೂರು ಗಂಟೆಗೆ ಬರುವುದಿತ್ತು. ಅಷ್ಟರೊಳಗೆ ಗಡ್ಡ ತೆಗೆಯಬೇಕು ಎಂದು ಅವಳೇ ಹಟ ಹಿಡಿದು ಬೀದಿಯ ಕೊನೆಯ ಅಂಗಡಿಯಿಂದ ಕ್ಷೌರದವನನ್ನು ಕರೆಸಿದ್ದಳು.

"ಅಮ್ಮಾ, ಬ್ರಷ್ ಯಾವುದು ಕೊಡ್ಲಿ?" ಮಗಳು ಹಳೆಯ ಪತ್ರಿಕೆಯ ಮೇಲೆ ಮೂರು ಬ್ರಷ್ ಸಾಲಾಗಿ ಇಟ್ಟಿದ್ದಳು.

ಆ ಮನೆಯಲ್ಲಿ ಅದು ಸಣ್ಣ ಪ್ರಶ್ನೆಯಲ್ಲ. ತೀರಿಕೊಂಡವನು ಮೂವತ್ತೆರಡು ವರ್ಷ ಗಡ್ಡದ ಬ್ರಷ್ ಮಾಡುವ ಕಾರ್ಖಾನೆಯಲ್ಲಿ ಕೂದಲಿನ ಕುಚ್ಚು ಕಟ್ಟಿದವನು. ಬೀದಿಯವರೆಲ್ಲ ಅವನನ್ನು ಕುಚ್ಚಪ್ಪ ಎಂದೇ ಕರೆಯುತ್ತಿದ್ದರು. ಹೆಂಡತಿಯೂ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಮೈದುನ ಬಗ್ಗಿ ಎಲುಬಿನ ಹಿಡಿಯ ಬ್ರಷ್ ಎತ್ತಿಕೊಂಡ. "ಇದೇ ಚೆನ್ನಾಗಿದೆ ಅತ್ತಿಗೆ. ರೇಷ್ಮೆ ಇದ್ದ ಹಾಗಿದೆ."

"ಅದು ಕೆಲಸ ಬಿಟ್ಟ ದಿನ ಕಾರ್ಖಾನೆ ಯಜಮಾನ್ರು ಕೊಟ್ಟಿದ್ದು. ಬಂದವರಿಗೆ ತೋರಿಸೋಕೆ ಅಷ್ಟೇ. ನಿಮ್ಮಣ್ಣ ಒಂದಿನವೂ ಮುಖಕ್ಕೆ ಮುಟ್ಟಿಸಿಲ್ಲ."

ಮೂಲೆಯ ಸ್ಟೂಲಿನ ಮೇಲೆ ಕೂತು ಕತ್ತಿಯನ್ನು ಚರ್ಮದ ಪಟ್ಟಿಗೆ ಉಜ್ಜುತ್ತಿದ್ದ ಕ್ಷೌರದವನು ತಲೆಯೆತ್ತಿದ. "ಅದರ ಕೂದಲು ಬಹಳ ಮೆದು ಸ್ವಾಮಿ. ಟ್ಯೂಬಿನ ಕ್ರೀಮಿಗಾದ್ರೆ ಸರಿ. ಈ ಕಲ್ಲಿನಂಥ ಸೋಪಿನ ಮುಂದೆ ಹೊಸ ಅಳಿಯನ ಹಾಗೆ ತಲೆ ತಗ್ಗಿಸಿ ಕೂತುಬಿಡುತ್ತೆ."

"ಹಾಗಾದ್ರೆ ಈ ಗಟ್ಟೀದು?"

"ಅದು ಹಂದಿ ಕೂದಲು, ಹೊಸದು," ಎಂದಳು ಅವಳು. "ತಿಂಗಳುಗಟ್ಟಲೆ ನೆನೆದು ತುದಿ ಸೀಳಿದ ಮೇಲೇ ಅದು ಹದಕ್ಕೆ ಬರೋದು. ಈಗ ಹಚ್ಚಿದ್ರೆ ಪೊರಕೆ ಹಚ್ಚಿದ ಹಾಗೆ. ಚುಚ್ಚುತ್ತೆ."

"ಇನ್ನು ಅಣ್ಣನಿಗೆ ಏನು ಚುಚ್ಚುತ್ತೆ ಅತ್ತಿಗೆ?"

"ಅವರಿಗೆ ಚುಚ್ಚಲ್ಲ. ನನಗೆ ಚುಚ್ಚುತ್ತೆ."

ಮೈದುನ ಬ್ರಷ್ ಕೆಳಗಿಟ್ಟ. ಮೂರನೆಯದು ನೈಲಾನಿನದು. ಅದರತ್ತ ಯಾರೂ ಕೈ ಚಾಚಲಿಲ್ಲ. ಅದರಿಂದ ಕುಚ್ಚಪ್ಪ ಚಪ್ಪಲಿಗೆ ಪಾಲಿಶ್ ಹಾಕುತ್ತಿದ್ದುದು ಎಲ್ಲರಿಗೂ ಗೊತ್ತಿತ್ತು.

"ದಿನಾ ಹಚ್ಚಿಕೊಳ್ತಿದ್ದದ್ದು ಎಲ್ಲಿ?" ಎಂದ ಕ್ಷೌರದವನು. "ಆ ಗುಂಡಗಿನ ಉರುಟು ಹಿಡೀದು?"

*

ಇದೇ ಕ್ಷೌರದವನು ಅಂಗಡಿ ತೆರೆದ ಹೊಸದರಲ್ಲಿ ಬ್ರಷ್ ಕೊಳ್ಳಲು ಕಾರ್ಖಾನೆಗೆ ಬಂದಿದ್ದ. ನುಣ್ಣಗೆ ಕ್ಷೌರ ಮಾಡಿಕೊಂಡು, ಪೌಡರ್ ಹಾಕಿಕೊಂಡು ಬಂದಿದ್ದ. ಕುಚ್ಚಪ್ಪ ಅವನ ಕೆನ್ನೆಯನ್ನು ಬೆರಳ ಹಿಂಬದಿಯಿಂದ ಮುಟ್ಟಿ, "ಮೂರು ದಿನ ಬಿಟ್ಟು ಬಾ. ಗಡ್ಡ ಬಿಟ್ಕೊಂಡು ಬಾ," ಎಂದು ವಾಪಸ್ ಕಳಿಸಿದ.

"ನಂಗೆ ಬೇಕಾಗಿರೋದು ಬ್ರಷ್ಷು. ಹೆಣ್ಣಲ್ಲ, ನೋಡಿ ಹೋಗಿ ಮತ್ತೆ ಬರೋಕೆ," ಎಂದಿದ್ದ ಕ್ಷೌರದವನು.

"ಹೆಣ್ಣಾದ್ರೆ ಮಾತಾಡಿ ಒಪ್ಪಿಸಬಹುದು. ಗಡ್ಡ ಯಾರ ಮಾತೂ ಕೇಳಲ್ಲ. ಹೋಗಿ ಬಾ."

ಮೂರು ದಿನಕ್ಕೆ ಬಂದ. ಅವನ ಕೆನ್ನೆಯ ಮೇಲೆ ಒಂದೊಂದೇ ಬ್ರಷ್ ಒಣದಾಗಿ ತಿರುಗಿಸಿ, ಆಮೇಲೆ ಬಿಸಿನೀರಲ್ಲಿ ನೆನೆಸಿ ತಿರುಗಿಸಿ, ಕೊನೆಗೆ ಕುಚ್ಚಪ್ಪ ಒಂದನ್ನು ಆರಿಸಿ ಕೊಟ್ಟ. ಕೊಡುವಾಗ ಎಚ್ಚರಿಕೆ ಬೇರೆ: "ತುದಿಗೆ ಕತ್ತರಿ ಹಾಕ್ಬೇಡ. ಕೆಲಸ ಮುಗಿದ ಮೇಲೆ ಕೊಡವಿ, ತಲೆಕೆಳಗಾಗಿ ನೇತುಹಾಕು. ನೀರು ಹಿಡಿಯೊಳಗೆ ಇಳೀಬಾರದು. ಹಿಡಿಯೊಳಗೆ ನೀರು ಇಳಿದರೆ ಬ್ರಷ್ ಸತ್ತ ಹಾಗೆ."

ಸಂಜೆ ಮನೆಗೆ ಬಂದು ಅದನ್ನೆಲ್ಲ ಹೆಂಡತಿಗೆ ಒಪ್ಪಿಸಿದ್ದ. ಕೈಗಳು ಹಂದಿ ಕೂದಲು, ಅಂಟು, ವಾರ್ನಿಷ್ ಮೂರನ್ನೂ ನಾರುತ್ತಿದ್ದವು. ಹಾಗೆ ನಾರದ ಕೈಯನ್ನು ಅವಳು ಆ ಮನೆಗೆ ಬಂದ ಮೇಲೆ ಹಿಡಿದದ್ದೇ ಇಲ್ಲ.

*

ಉರುಟು ಹಿಡಿಯ ಬ್ರಷ್ ಆಸ್ಪತ್ರೆಯ ಚೀಲದಲ್ಲಿತ್ತು. ಸೋಪು ಯಾವುದಾದರೂ ಆದೀತು, ಬ್ರಷ್ ಮಾತ್ರ ನನ್ನದೇ ಆಗಬೇಕು ಎಂದು ಅವನು ಕೊಂಡೊಯ್ದಿದ್ದ. ಮಗಳು ಬಾಗಿಲ ಹಿಂದಿನಿಂದ ಚೀಲ ತಂದು ಬಿಚ್ಚಿದಳು. ಟವೆಲು, ಕನ್ನಡಕ, ಬಾಚಣಿಗೆ, ಬ್ರಷ್. ಬ್ರಷ್ಷಿನ ಜೊತೆಗೆ ಕಂದು ಕಾಗದದ ಒಂದು ಪೊಟ್ಟಣ.

"ಇದೇನಿದು?"

"ಅಪ್ಪನೇ ತರಿಸಿಕೊಂಡ್ರು. ಡ್ರಾಯರಿನ ಅಡಿಯಲ್ಲಿದೆ, ತಾ ಅಂದ್ರು. ತಂದುಕೊಟ್ಟೆ. ದಿಂಬಿನ ಕೆಳಗೆ ಇಟ್ಕೊಂಡ್ರು."

"ಏನು ಮಾಡು ಅಂದ್ರು?"

"ಏನೂ ಅನ್ನಲಿಲ್ಲ ಅಮ್ಮ. ಬೆಳಿಗ್ಗೆ ನಾನು ಹೋಗೋ ಹೊತ್ತಿಗೆ…" ಮಗಳು ಅಲ್ಲಿಗೇ ನಿಲ್ಲಿಸಿದಳು.

ಪೊಟ್ಟಣದ ಮೇಲೆ ವಿಳಾಸವಿತ್ತು. ಬೆಲೆ ಬದಲಾಗಿ ಎಷ್ಟೋ ಕಾಲವಾದ ಅಂಚೆಚೀಟಿ ಇತ್ತು. ಹೆಸರು ಓದಿದೊಡನೆ ಅವಳ ಕೈ ನಿಂತಿತು. ಉರುಟಣ್ಣನ ಹೆಸರು. ಕಾರ್ಖಾನೆಗೆ ಮರದ ಹಿಡಿಗಳನ್ನು ಕಡೆದು ಕೊಡುತ್ತಿದ್ದವನು. ಅಂಗೈಯಲ್ಲಿ ಮೊಟ್ಟೆಯ ಹಾಗೆ ಕೂರುವ ಅವನ ಹಿಡಿಗಳಿಂದಲೇ ಬಂದ ಹೆಸರು. ಒಂದು ಕಾಲದಲ್ಲಿ ಗಂಡನ ಜೀವದ ಗೆಳೆಯ.

ದಾರ ಬಿಚ್ಚಿದಳು. ಒಳಗೆ ಉದ್ದಕ್ಕೆ ಗರಗಸದಿಂದ ಸೀಳಿದ ಬ್ರಷ್ಷಿನ ಅರ್ಧ ಹೋಳು. ಹೊರಗೆ ಚೆಂದದ ಬಣ್ಣ, ಕುಚ್ಚು ಕೂರಿಸುವ ಗುಂಡಿಯ ಸುತ್ತ ಮಾತ್ರ ಕಾಡಿಗೆ ಬಳಿದ ಹಾಗೆ ಕಪ್ಪು. ಜೊತೆಗೆ ಮಡಿಸಿದ ಒಂದು ಹಾಳೆ. ಅವಳು ಕಿಟಕಿಯ ಹತ್ತಿರ ಹೋಗಿ, ಸಾಲಿಗೆ ಬೆರಳಿಟ್ಟು ಓದಿದಳು.

"ಉರುಟಾ, ಆ ಸಲದ ಬ್ರಷ್‌ಗಳು ಬಿರಿದು ವಾಪಸ್ ಬಂದಾಗ, ಮರ ಹಸಿಯಿತ್ತು ಎಂದು ಯಜಮಾನರ ಮುಂದೆ ಹೇಳಿದವನು ನಾನು. ಮರ ಒಣಗಿತ್ತು. ಗುಂಡಿಯ ಒಳಗೆ ವಾರ್ನಿಷ್ ಹಚ್ಚಿ ಒಂದು ದಿನ ಒಣಗಿಸಬೇಕಿತ್ತು. ಮಾಲು ಮರುದಿನವೇ ಹೋಗಬೇಕಿತ್ತು. ಅಂಟೇ ನೀರು ತಡೆಯುತ್ತದೆ ಎಂದು ವಾರ್ನಿಷ್ ಹಚ್ಚದೆ ಕುಚ್ಚು ಕೂರಿಸಿಬಿಟ್ಟೆ. ನೀರು ಒಳಗಿಂದ ಇಳಿದು ಮರ ಉಬ್ಬಿ ಬಿರಿಯಿತು. ಒಂದನ್ನು ಬಚ್ಚಿಟ್ಟು ತಂದು ಸೀಳಿ ನೋಡಿದೆ. ಅರ್ಧ ಕಳಿಸಿದ್ದೇನೆ, ನೀನೇ ನೋಡು. ಆವತ್ತು ಗೊತ್ತಿರಲಿಲ್ಲ ಎಂದು ಬರೆಯಬೇಕು ಅಂದುಕೊಂಡಿದ್ದೆ. ಅನುಮಾನ ಆವತ್ತೇ ಇತ್ತು."

ಕೆಳಗೆ ತಾರೀಕು. ಹದಿನೆಂಟು ವರ್ಷ ಹಿಂದಿನದು.

*

ಅದಕ್ಕೂ ಒಂದು ವರ್ಷ ಮೊದಲು, ಉರುಟಣ್ಣನ ಹೆಂಡತಿ ಊರು ಬಿಡುವ ದಿನ ಜರಡಿ ವಾಪಸ್ ಕೊಡಲು ಬಂದಿದ್ದಳು. ಮನೆಯಲ್ಲಿ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಇವಳ ಬಾಣಂತನದಲ್ಲಿ ಮಗಳಿಗೆ ನೀರು ಹಾಕಿದವಳು ಅವಳೇ. ಉರುಟಣ್ಣನ ಕೆಲಸ ಹೋಗಿತ್ತು. ಹಸಿ ಮರದವನು ಎಂಬ ಹೆಸರು ಊರ ತುಂಬ ಹಬ್ಬಿ, ಬೇರೆ ಯಾರೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ.

ಇವಳು ಬಾಗಿಲು ತೆಗೆಯಲಿಲ್ಲ. ಕಿಟಕಿಯಿಂದಲೇ ಅಂದಿದ್ದಳು: "ಜರಡಿ ಅಲ್ಲೇ ಇಟ್ಟು ಹೋಗು. ಹಸಿ ಮರ ಕೊಟ್ಟು ನನ್ನ ಗಂಡನ ಕೆಲಸಕ್ಕೆ ಮಸಿ ಬಳಿದವರ ನೆರಳೂ ನಂಗೆ ಬೇಡ."

ಅಕ್ಕ ಜಗಳವಾಡಲಿಲ್ಲ. ಜರಡಿಯನ್ನು ಗೋಡೆಗೆ ಒರಗಿಸಿ, "ನಿನ್ನ ಗಂಡನ್ನ ಒಂದ್ಸಲ ಕೇಳು," ಎಂದು ಹೋದಳು.

ಆ ದಿನ ಗಂಡ ಮನೆಗೆ ಬಂದಾಗ ಕೇಳಿದ್ದಳು. "ಅಕ್ಕ ಹೀಗಂದಳು. ಏನ್ರೀ ಅದು?"

ಅವನು ಕೈ ತೊಳೆಯುತ್ತಲೇ ಇದ್ದ. ಬಹಳ ಹೊತ್ತು ತೊಳೆದ. ಆಮೇಲೆ, "ಊಟಕ್ಕೆ ಬಡಿಸು," ಎಂದ.

ಅವಳು ಬಡಿಸಿದ್ದಳು.

*

ಕ್ಷೌರದವನು ಉರುಟು ಹಿಡಿಯ ಬ್ರಷ್ಷನ್ನು ಬಿಸಿನೀರಿನಲ್ಲಿ ನೆನೆಸಿ, ಒಮ್ಮೆ ಕೊಡವಿ, ಸೋಪಿನ ಮೇಲೆ ತಿರುಗಿಸಿದ. ನೊರೆ ಮೊಸರಿನಂತೆ ಎದ್ದಿತು. ಹಿಡಿಯನ್ನು ಬೆಳಕಿಗೆ ಹಿಡಿದು ನೋಡಿ ತಲೆದೂಗಿದ.

"ಇದು ಉರುಟಣ್ಣ ಕಡೆದದ್ದೇ. ಇಪ್ಪತ್ತೈದು ವರ್ಷ ಆಗಿರಬೇಕು ಅಲ್ವಾ ಅಮ್ಮ? ಒಂದು ಕೂದಲೆಳೆಯಷ್ಟೂ ಬಿರುಕಿಲ್ಲ ನೋಡಿ."

"ಅವರು ಎಲ್ಲಿದ್ದಾರೆ, ಗೊತ್ತಾ ನಿಂಗೆ?"

"ಮಗಳ ಮನೇಲಿ. ಹೋದ ವರ್ಷ ಆ ಕಡೆ ಹೋದಾಗ ಕಂಡು ಬಂದೆ. ಗಂಡ ಹೆಂಡತಿ ಇಬ್ಬರೂ ಗಟ್ಟಿಯಾಗಿದ್ದಾರೆ. ಉರುಟಣ್ಣ ಈಗ ಮಕ್ಕಳಿಗೆ ಬುಗುರಿ ಕಡೀತಾನೆ." ಪೊಟ್ಟಣದ ವಿಳಾಸ ನೋಡಿ, "ಹ್ಞಾಂ, ಇದೇ ಮನೆ," ಎಂದ.

ಅವಳು ಗಂಡನ ತಲೆಯ ಹತ್ತಿರ ಕೂತು, ಅವನ ಗದ್ದವನ್ನು ಹಿಡಿದುಕೊಟ್ಟಳು. ದಿನಾ ಬೆಳಿಗ್ಗೆ, ಇಷ್ಟು ವರ್ಷ, ಈ ಮನುಷ್ಯ ಅದೇ ಹಿಡಿಯನ್ನು ಅಂಗೈಯಲ್ಲಿ ಹಿಡಿದು, ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡಿದ್ದಾನೆ. ಒಂದು ದಿನವೂ ಹಿಡಿ ಬದಲಾಯಿಸಲಿಲ್ಲ. ಅಂಚೆಗೂ ಹಾಕಲಿಲ್ಲ. ಅವಳಿಗೆ ಸಿಟ್ಟು ಬಂತು. ಸತ್ತವನ ಗದ್ದ ಹಿಡಿದುಕೊಂಡು ಸಿಟ್ಟು ಮಾಡುವುದು ಹೇಗೆಂದು ತಿಳಿಯದೆ ಕೆನ್ನೆಯ ಚರ್ಮವನ್ನು ಇನ್ನಷ್ಟು ಎಳೆದು ಹಿಡಿದಳು.

"ಮೆಲ್ಲಗೆ ಅಮ್ಮ," ಎಂದ ಕ್ಷೌರದವನು. "ಕತ್ತಿ ಇದೆ."

ಮೈದುನ ಅಷ್ಟರಲ್ಲಿ ಕಾಗದ ಓದಿ ಮುಗಿಸಿದ್ದ. ಅವಳನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿದ.

"ಅತ್ತಿಗೆ, ಇದನ್ನ ಒಲೆಗೆ ಹಾಕಿ. ಇನ್ನೂ ಉರೀತಿದೆ."

"ಯಾಕೆ?"

"ಯಾಕೆ ಅಂದ್ರೆ? ಕಳಿಸೋ ಮನಸ್ಸಿದ್ದಿದ್ರೆ ಅಣ್ಣ ಇಷ್ಟು ವರ್ಷ ಸುಮ್ಮನಿರ್ತಿದ್ನಾ? ಹರಿದು ಹಾಕೋಕೆ ತರಿಸಿಕೊಂಡಿರಬೇಕು. ಹೊರಗೆ ನೋಡಿ, ಅರ್ಧ ಊರು ಬಂದು ನಿಂತಿದೆ. ಕುಚ್ಚಪ್ಪ ಕಟ್ಟಿದ್ದು ಒಂದು ಎಳೆ ಉದುರಲ್ಲ ಅಂತಿದ್ದಾರೆ. ಹೋಗೋವಾಗ ಒಳ್ಳೇ ಹೆಸರಲ್ಲೇ ಹೋಗ್ಲಿ."

ಅವಳು ಒಲೆಯನ್ನು ನೋಡಿದಳು. ಹರಿದು ಹಾಕಲೆಂದೋ, ಅಂಚೆಗೆ ಹಾಕಲೆಂದೋ? ಕೇಳೋಣವೆಂದರೆ ಹೇಳುವವನು ಇಲ್ಲ. ಇದ್ದಾಗ ಕೇಳಿದ್ದಕ್ಕೆ ಊಟಕ್ಕೆ ಬಡಿಸು ಅಂದವನು. ಕೈ ಚಾಚಿ ಒಲೆ ಆರಿಸಿದಳು. ಪೊಟ್ಟಣವನ್ನು ಸೆರಗಿನಲ್ಲಿ ಸುತ್ತಿಕೊಂಡು ನಡುಮನೆಗೆ ಬಂದಳು.

*

ಮೂರಕ್ಕೆ ಸ್ವಲ್ಪ ಮೊದಲು ಕಾರ್ಖಾನೆಯ ಯಜಮಾನ ಬಂದ. ಈಗ ಕೋಲೂರಿ ನಡೆಯುವ ಮುದುಕ. ಹೊದಿಕೆಯ ಮೇಲೆ ಹೂವಿಟ್ಟು, ಕುಚ್ಚಪ್ಪನ ನುಣ್ಣಗಿನ ಕೆನ್ನೆಯನ್ನು ಅಭ್ಯಾಸಬಲದಿಂದ ಬೆರಳ ಹಿಂಬದಿಯಿಂದ ಮುಟ್ಟಿ, ಕುರ್ಚಿಯಲ್ಲಿ ಕೂತ.

"ಎಂಥ ಕೈ!" ಎಂದ, ಸುತ್ತ ನಿಂತವರಿಗೆ ಕೇಳುವಂತೆ. "ಇವನಿದ್ದ ಅಷ್ಟೂ ವರ್ಷದಲ್ಲಿ ಮಾಲು ವಾಪಸ್ ಬಂದದ್ದು ಒಂದೇ ಸಲ. ಅದೂ ಇವನ ತಪ್ಪಲ್ಲ. ಆ ಉರುಟ ಇದ್ದನಲ್ಲ, ಹಸಿ ಮರ ಕಡೆದು ಕೊಟ್ಟು…"

"ಯಜಮಾನ್ರೇ," ಎಂದಳು ಅವಳು. "ಮರ ಒಣಗಿತ್ತು."

ಮೈದುನ, "ಅತ್ತಿಗೆ!" ಎಂದು ಹಲ್ಲು ಕಚ್ಚಿದ. "ಹೆಣ ಎತ್ತೋ ಮೊದಲೇ ಅಣ್ಣನ ಮಾನ ಕಳೀಬೇಕಾ?"

"ಇನ್ನೊಬ್ಬರ ಮಾನ ಇಷ್ಟು ವರ್ಷ ನಮ್ಮ ಡ್ರಾಯರಿನಲ್ಲಿತ್ತಪ್ಪ. ಅದನ್ನ ವಾಪಸ್ ಕೊಡ್ತಿದ್ದೀನಿ, ಅಷ್ಟೇ." ಸೆರಗು ಬಿಚ್ಚಿ ಸೀಳಿದ ಹೋಳನ್ನು ಯಜಮಾನನ ಅಂಗೈಯಲ್ಲಿ ಇಟ್ಟಳು.

ಯಜಮಾನ ಕನ್ನಡಕ ಹಾಕಿಕೊಂಡ. ಹೊರಮೈಯನ್ನು ಸವರಿದ. ಗುಂಡಿಯೊಳಗೆ ಹೆಬ್ಬೆರಳ ಉಗುರು ಎಳೆದ. ಕಪ್ಪು ಪುಡಿ ಉಗುರಿಗೆ ಅಂಟಿತು. ಅದನ್ನು ನೋಡುತ್ತಲೇ ಇದ್ದ.

"ಹಸಿ ಮರವಾಗಿದ್ರೆ ಹೊರಗಿಂದ ಬಿರೀಬೇಕಿತ್ತು," ಎಂದ ಕೊನೆಗೆ. "ಇದು ಒಳಗಿಂದ… ವಾರ್ನಿಷ್ಷೇ ಇಲ್ಲ. ನಾನು ಆವತ್ತು ಒಂದನ್ನಾದ್ರೂ ಸೀಳಿ ನೋಡ್ಬೇಕಿತ್ತು. ಕುಚ್ಚಪ್ಪ ಹೇಳಿದ ಅಂದ್ಮೇಲೆ ಇನ್ನೇನು ಅಂತ ಎಲ್ಲಾ ಬೆಂಕಿಗೆ ಹಾಕಿಸಿದೆ." ಹೋಳನ್ನು ಅವಳಿಗೆ ವಾಪಸ್ ಕೊಟ್ಟ. "ಇದನ್ನ ಏನು ಮಾಡ್ತೀಯಮ್ಮ?"

"ವಿಳಾಸ ಬರೆದಿದ್ದಾರೆ. ಕಳಿಸ್ತೀನಿ."

"ನಂದೂ ಒಂದು ಸಾಲು ಸೇರಿಸು. ಯಜಮಾನನೂ ನೋಡಿದ ಅಂತ."

ಹೊರಗೆ ಗಾಡಿ ಬಂದು ನಿಂತ ಸದ್ದಾಯಿತು. ಎತ್ತುವ ಮೊದಲು ಅವಳು ಗಂಡನ ಕಿವಿಯ ಕೆಳಗೆ ಉಳಿದಿದ್ದ ಒಂದು ಚುಕ್ಕೆ ನೊರೆಯನ್ನು ಸೆರಗಿನ ತುದಿಯಿಂದ ಒರೆಸಿದಳು.

*

ಸ್ಮಶಾನದಿಂದ ಬರುವಾಗ ನಾಲ್ಕೂವರೆ. ಅವಳು ಅಂಚೆ ಕಚೇರಿಯ ಮುಂದೆ ಗಾಡಿ ನಿಲ್ಲಿಸಲು ಹೇಳಿದಳು. ಮೈದುನ ಮುಂದಿನ ಸೀಟಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತಿದ್ದ.

"ನಾಳೆ ಹಾಕಿದ್ರಾಗಲ್ವಾ ಅಮ್ಮ?" ಎಂದಳು ಮಗಳು. "ನಿಂತು ನಿಂತು ಸಾಕಾಗಿದೆ ನಿಂಗೆ."

"ನಿಮ್ಮಪ್ಪನೂ ನಾಳೆ ಅಂತಲೇ ಇಟ್ಟಿದ್ದು."

ಒಳಗೆ ಗೋಡೆಗೆ ಒರಗಿಸಿದ್ದ ಮೇಜಿನ ಮೇಲೆ ದಾರ ಕಟ್ಟಿದ ಪೆನ್ನಿತ್ತು. ಗಂಡನ ಕಾಗದದ ಕೆಳಗೆ ಉಳಿದಿದ್ದ ಜಾಗದಲ್ಲಿ ಅವಳು ಅಕ್ಷರ ಅಕ್ಷರವಾಗಿ ಬರೆದಳು: "ಇವರು ಇವತ್ತು ಬೆಳಿಗ್ಗೆ ಹೋದರು. ಕೊನೆಯ ಕ್ಷೌರ ನಿಮ್ಮ ಹಿಡಿಯ ಬ್ರಷ್ಷಿನಲ್ಲೇ ಆಯಿತು. ಯಜಮಾನರೂ ಈ ಹೋಳು ನೋಡಿದರು. ಅಕ್ಕನಿಗೆ ಹೇಳಿ, ಆವತ್ತು ಇವರನ್ನು ಕೇಳಿದ್ದೆ. ಉತ್ತರ ಕೊಡಲಿಲ್ಲ. ಅದೇ ಉತ್ತರ ಅಂತ ನನಗೆ ತಿಳಿಯಲಿಲ್ಲ. ಜರಡಿ ಇನ್ನೂ ನನ್ನ ಹತ್ತಿರವೇ ಇದೆ."

ಕಾಗದ ಮಡಿಸಿ, ಹೋಳಿನ ಜೊತೆ ಇಟ್ಟು, ದಾರವನ್ನು ಎರಡು ಸುತ್ತು ಬಿಗಿದಳು.

ಕಿಟಕಿಯ ಆಚೆ ಕೂತವಳು ಪೊಟ್ಟಣವನ್ನು ತಕ್ಕಡಿಯ ಮೇಲಿಟ್ಟು, ಹಳೆಯ ಅಂಚೆಚೀಟಿಯನ್ನು ಕಂಡು ಹುಬ್ಬೇರಿಸಿದಳು. "ಇಷ್ಟು ಈಗ ಸಾಲಲ್ಲ ಅಜ್ಜಿ. ಹೊಸದು ಹಚ್ಬೇಕು. ಒಳಗೆ ಏನಿದೆ?"

"ಗಡ್ಡದ ಬ್ರಷ್ಷು. ಅರ್ಧ."

"ಅರ್ಧ ಯಾರಿಗೆ ಬೇಕು?"

"ಬೇಕು," ಎಂದಳು ಅವಳು.

ಹಳೆಯ ಅಂಚೆಚೀಟಿಯ ಪಕ್ಕದಲ್ಲೇ ಹೊಸದನ್ನು ಅಂಟಿಸಿ, ಆ ಹುಡುಗಿ ಮುದ್ರೆ ಹೊಡೆದಳು. ಕೆಳಗೆ ಬ್ರಷ್ಷಿನ ಹಿಡಿ ಉಬ್ಬಿಕೊಂಡಿದ್ದರಿಂದ ಮುದ್ರೆಯ ಅರ್ಧ ಮಾತ್ರ ಮೂಡಿತು. ಪೊಟ್ಟಣವನ್ನು ಸ್ವಲ್ಪ ತಿರುಗಿಸಿ, ಉರುಟು ಹಿಡಿಯನ್ನು ಎಡಗೈಯಲ್ಲಿ ಒತ್ತಿ ಹಿಡಿದು, ಇನ್ನೊಮ್ಮೆ ಬಲವಾಗಿ ಹೊಡೆದಳು; ಆಮೇಲೆ ಹಿಂದಕ್ಕೆ ತಿರುಗಿ ಚೀಲದೊಳಗೆ ಹಾಕಿದಳು.