ಐದರ ಇಂಜಿನ್ನು

ಐದು ಎಚ್‌ಪಿ ಸಾಕು ಎಂದವನು ನಾನು. ನನ್ನ ತಮ್ಮ ಸಿದ್ರಾಯ ಅಲ್ಲ, ಅಂಗಡಿಯವನೂ ಅಲ್ಲ.

ದಡ್ಡಿ ಊರಿನ ಹತ್ತಿರ ಅಣೆಕಟ್ಟಿನ ಹಿನ್ನೀರಿನಲ್ಲಿ ನಾವಿಬ್ಬರೂ ಮೀನು ಹಿಡಿಯುತ್ತಿದ್ದೆವು. ಕುರಿ ಕಾಯುವ ಮನೆತನ, ನೀರಿಗಿಳಿದದ್ದು ನಮ್ಮ ಕಾಲಕ್ಕೆ. ಹುಟ್ಟು ಹಾಕಿ ರಟ್ಟೆ ಸೋತು, ಇಪ್ಪತ್ತೆರಡು ಅಡಿಯ ಫೈಬರ್ ದೋಣಿ ಕೊಂಡೆವು. ಅದಕ್ಕೆ ಇಂಜಿನ್ನು ಬೇಕೆಂದು ಗೋಕಾಕಕ್ಕೆ ಹೋದೆವು. ಅಂಗಡಿಯ ಮಿಸ್ತ್ರಿ ಪರಶುರಾಮ ಮೂಡಲಗಿಯವನು, ಕಾರವಾರದ ಬಂದರಿನಲ್ಲಿ ಹನ್ನೆರಡು ವರ್ಷ ದುಡಿದು ಬಂದವನು. ದೋಣಿ ಎಷ್ಟು ಉದ್ದ, ಎಷ್ಟು ಮಂದಿ ಕೂರುತ್ತೀರಿ, ಒದ್ದೆ ಬಲೆ ಎಷ್ಟು ಭಾರ, ಮಳೆಗಾಲದಲ್ಲೂ ಹೋಗುತ್ತೀರಾ ಎಂದು ಕೇಳುತ್ತಲೇ ಇದ್ದ. ನನಗೆ ತಲೆ ಕೆಟ್ಟಿತು.

"ಹದಿನೈದು ಬೇಕ್ರಿ," ಎಂದ ಕೊನೆಗೆ.

"ಹದಿನೈದು? ನಮ್ಮ ಐದರ ಪಂಪು ಹೊಳಿ ನೀರು ಗುಡ್ಡಕ್ಕ ಏರಸತೈತಿ. ಒಂದು ದೋಣಿ ನೂಕಾಕ ಹದಿನೈದೇನೋ?"

"ಪಂಪು ಕುಂತಲ್ಲೇ ಕೆಲಸ ಮಾಡತೈತ್ರಿ ಕಾಕಾ. ದೋಣಿಗೆ ಗಾಳಿ ಐತಿ, ಸೆಳವು ಐತಿ, ಹೇರು ಐತಿ."

"ಎಚ್‌ಪಿ ಅಂದ್ರ ಎಚ್‌ಪಿನಾ. ನನಗ ಕಲಸಾಕ ಬರಬ್ಯಾಡ."

ಸಿದ್ರಾಯ ನನ್ನ ತೋಳು ಹಿಡಿದ. "ಅಣ್ಣಾ, ಅಂವ ಸಮುದ್ರ ಕಂಡಾಂವ. ಹದಿನೈದ ತಗೊಳ್ಳೂಣು."

"ಬಾಯಿ ಮುಚ್ಚು," ಎಂದೆ. ಮುಚ್ಚಿದ. ಐದರದ್ದನ್ನೇ ಕೊಂಡು ತಂದೆವು.

ನಮ್ಮ ಕಡೆ ಎಲ್ಲರೂ ಎಚ್‌ಪಿ ಕಲಿತದ್ದು ಪಂಪಿನಿಂದಲೇ. ಮೂರು ಅಂದರೆ ಬಾವಿ, ಐದು ಅಂದರೆ ಹೊಳೆ, ಏಳೂವರೆ ಅಂದರೆ ಗೌಡರ ತೋಟ. ಅದರಾಚೆಯ ಲೆಕ್ಕ ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬುದ್ಧಿಯೂ ಇರಲಿಲ್ಲ.

ಮಾರ್ಚಿನಲ್ಲಿ ನಿಂತ ನೀರಿನ ಮೇಲೆ ಖಾಲಿ ದೋಣಿ ಓಡಿಸಿ ನೋಡಿದೆವು. ಹಾರಿತು. ದಂಡೆಯಲ್ಲಿ ನಿಂತಿದ್ದ ಪಕ್ಕದ ಮನೆಯ ಅರ್ಜುನ, "ಏ ಮಾಲಿಂಗಪ್ಪ, ಕುರಿ ಕಾಯೂ ಮಂದಿ ವಿಮಾನ ಹಾರಸಾಕ ಹತ್ತೀರಲ್ಲೋ!" ಎಂದು ಸಿಳ್ಳೆ ಹಾಕಿದ. ಸಿದ್ರಾಯನ ಮುಖ ನೋಡಿ ನಾನು ಮೀಸೆ ತಿರುವಿದೆ.

ಆಗಸ್ಟಿನಲ್ಲಿ ನೀರು ಒಂದೇ ಸಮನೆ ಏರಿತು. ನಡುಗಡ್ಡೆಯಲ್ಲಿ ನಮ್ಮೂರಿನ ಭರಮವ್ವನ ಹದಿನೆಂಟು ಕುರಿ ಸಿಕ್ಕಿಕೊಂಡು ಒದರತೊಡಗಿದವು. ಕುರುಬನ ಮಗ ಆ ದನಿ ಕೇಳಿ ಕೂರುವುದುಂಟೇ? ಸಿದ್ರಾಯ ಬಲೆಯನ್ನೂ ಇಳಿಸದೆ ಹೊರಟ. ಎಲ್ಲವನ್ನೂ ಒಂದೇ ಸಲ ಹೇರಿದ. ಬರುವಾಗ ಮೇಲಿನಿಂದ ಸೆಳವು, ಎದುರಿಗೆ ಗಾಳಿ. ನಾನು ದಂಡೆಯಲ್ಲಿದ್ದೆ. ಇಂಜಿನ್ನು ಪೂರ್ತಿ ಕಿರುಚುತ್ತಿತ್ತು, ದೋಣಿ ಹಿಂದಕ್ಕೆ ಸರಿಯುತ್ತಿತ್ತು.

"ಕುರಿ ನೂಕೋ! ನೀರಿಗೆ ನೂಕು!" ಎಂದು ಕೂಗಿದೆ. ಅವನು ಒಂದನ್ನೂ ನೂಕಲಿಲ್ಲ. ಮುಳುಗಿದ್ದ ಹುಣಸೆಮರದ ತುದಿಗೆ ದೋಣಿ ಬಡಿದು ಮಗುಚಿತು. ಮೂರನೆಯ ದಿನ ಅವನ ಹೆಣ ಸಿಕ್ಕಿತು. ನೀರಿಳಿದ ಮೇಲೆ ದೋಣಿಯನ್ನೂ ಇಂಜಿನ್ನನ್ನೂ ಎಳೆದು ತಂದರು.

ಗಾಳಿ ದೊಡ್ಡದಿತ್ತು ಎಂದರು ಎಲ್ಲರೂ. ಅವನ ಹೆಂಡತಿ ಕಸ್ತೂರಿಯೂ ಹಾಗೇ ಅಂದಳು. ನಾನು ತಲೆಯಾಡಿಸಿದೆ.

ಏಳು ತಿಂಗಳ ಮೇಲೆ ಕಸ್ತೂರಿ ಹೇಳಿದಳು: "ಭಾವಾರ, ನಾನೂ ಬಾಜೂ ಮನಿ ಗೌರಕ್ಕನೂ ದೋಣಿ ನಡಸತೇವಿ. ಅರ್ಜುನಣ್ಣ ಇಂಜಿನ್ ಬಿಚ್ಚಿ ಒಣಗಿಸ್ಯಾನ, ಒಂದ ಸಲ ಹಗ್ಗ ಜಗ್ಗಿದ್ದಕ್ಕ ಚಾಲೂ ಆತು. ನಮ್ಮನಿಯವರ ಕೈಯಾಡಿದ್ದು, ಅದನ್ನ ದೋಣಿಗೆ ಹಚ್ಚತೇನಿ."

ಆ ಐದು ಸಾಲದೆಂದು ಹೇಳಬೇಕಿತ್ತು. ಬಾಯಿಗೆ ಬಂದದ್ದೇ ಬೇರೆ. "ಹೆಂಗಸರು ದೋಣಿ ನಡಸೂದೇನು? ಬ್ಯಾಡಂದ್ರ ಬ್ಯಾಡ!"

"ಯಾಕ್ರಿ, ದೋಣಿ ನಿಮಗ ಬೇಕಾತೇನು?"

ಕಪಾಳಕ್ಕೆ ಹೊಡೆದಂತಾಯಿತು. ಆ ಇಂಜಿನ್ನು ಸಾಲದು, ಗೋಕಾಕಕ್ಕೆ ನಡೆ ಎಂದಷ್ಟೇ ಹೇಳಿದೆ. ಯಾಕೆ ಸಾಲದು ಎಂದು ಬಸ್ಸಿನಲ್ಲಿ ಎರಡು ಸಲ ಕೇಳಿದಳು. ಕಿಟಕಿಯಾಚೆ ನೋಡುತ್ತ ಕೂತೆ.

ಪರಶುರಾಮ ನನ್ನನ್ನು ಕಂಡು ಎದ್ದು ನಿಂತ. ಅವನಿಗೆ ಸುದ್ದಿ ಮುಟ್ಟಿತ್ತು. ಕಸ್ತೂರಿಗೆ ಅವೇ ಪ್ರಶ್ನೆ ಕೇಳಿದ. ಬಲೆಯ ತೂಕ, ಐಸಿನ ಪೆಟ್ಟಿಗೆ, ಯಾವ ತಿಂಗಳು ಎಲ್ಲಿ ಸೆಳವು, ಎಲ್ಲಕ್ಕೂ ಅವಳ ಹತ್ತಿರ ಉತ್ತರವಿತ್ತು.

"ಹದಿನೈದು ಹಚ್ಚರಿ, ಅಕ್ಕಾರ."

"ಇಪ್ಪತ್ತೈದು ಹಚ್ಚಿದ್ರ?"

"ದೋಣಿ ಹಿಂದಿನ ಹಲಗಿ ತಾಳೂದಿಲ್ರಿ, ಪೆಟ್ರೋಲೂ ಭಾಳ ಕುಡೀತೈತಿ. ಹದಿನೈದಾದ್ರ ಹೇರು ಇದ್ರೂ ಎದುರ ನೀರಾಗ ಮನಿಗೆ ಬರತೀರಿ."

ಮನೆಗೆ ಬರುತ್ತೀರಿ ಎಂದದ್ದಕ್ಕೆ ಅವಳು ತಿರುಗಿ ಅವನನ್ನೇ ನೋಡಿದಳು. ಆಮೇಲೆ ಕೇಳಿದಳು: "ಮತ್ತ ಹೋದ ಸಲ ಇದನ್ನ ಯಾಕ ಹೇಳಲಿಲ್ಲೋ ಅಣ್ಣಾ ನೀನು?"

ಪರಶುರಾಮ ತಲೆ ತಗ್ಗಿಸಿದ. ನಾನು ಸುಮ್ಮನಿದ್ದರೆ ತಪ್ಪು ಅವನ ತಲೆಗೆ ಕೂರುತ್ತಿತ್ತು.

"ಅಂವ ಹೇಳಿದ್ದ," ಎಂದೆ. "ನಾನು ಕೇಳಲಿಲ್ಲ. ಐದು ಸಾಕಂತ ನಾನ ಹಟ ಹಿಡಿದೆ."

"ನಮ್ಮನಿಯವರೇನಂದ್ರು?"

"ಹದಿನೈದ ತಗೊಳ್ಳೂಣು ಅಂದ. ಬಾಯಿ ಮುಚ್ಚು ಅಂದೆ."

ಅವಳು ಅಳಲಿಲ್ಲ, ಬಯ್ಯಲೂ ಇಲ್ಲ. ಬೈದಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಇಂಜಿನ್ನಿನ ಪೆಟ್ಟಿಗೆ ಎತ್ತಲು ಬಗ್ಗಿದೆ.

"ನೀವು ಮುಟ್ಟಬ್ಯಾಡ್ರಿ," ಎಂದಳು. ಪರಶುರಾಮನೇ ಅದನ್ನು ಬಸ್‌ಸ್ಟ್ಯಾಂಡಿಗೆ ಹೊತ್ತ.

ಈಗ ಆ ಹೆಂಗಸರಿಬ್ಬರೂ ಎಂಥ ಗಾಳಿಗೂ ಹೋಗಿ ತಿರುಗಿ ಬರುತ್ತಾರೆ. ಹುಕ್ಕೇರಿ ಸಂತೆಯಲ್ಲಿ ಕೂತು ಮೀನು ಮಾರುತ್ತಾರೆ. ನನ್ನ ಪಾಲಿನ ಮೀನನ್ನು ಕಸ್ತೂರಿ ಅರ್ಜುನನ ಕೈಯಲ್ಲಿ ಕಳಿಸುತ್ತಾಳೆ, ಒಂದು ವಾರವೂ ತಪ್ಪಿಲ್ಲ. ನನ್ನ ಹೆಂಡತಿ ಸತ್ತೆವ್ವ ಸಾರು ಮಾಡಿ ಬಡಿಸುತ್ತಾಳೆ, ತಿನ್ನುತ್ತೇನೆ.

ನಮ್ಮ ಮನೆಗೂ ಕಸ್ತೂರಿಯ ಮನೆಗೂ ನಡುವೆ ಒಂದೇ ಗೋಡೆ. ಅವಳು ಕೆಮ್ಮಿದ್ದೂ ಇತ್ತ ಕೇಳುತ್ತದೆ. ಭಾವಾರ ಎಂದು ಕರೆದದ್ದು ಮಾತ್ರ ಆ ದಿನದಿಂದ ಕೇಳಿಲ್ಲ.