ನಾಲ್ಕು ಮೂಲೆಯ ಮಾನ

ನಾನು ಒಂದು ಕೌದಿ. ಹಳಿಯಾಳದ ಕಡೆಯ ಸಿದ್ದಿ ಜನರ ಊರಿನಲ್ಲಿ, ರೋಸಾಬಾಯಿಯ ಜಗಲಿಯ ಮೇಲೆ, ಹಳೆ ಸೀರೆ, ಹರಿದ ಅಂಗಿಗಳಿಂದ ಹುಟ್ಟಿದವಳು. ಅಂಜುಬುರುಕತನ ನನ್ನ ಹುಟ್ಟುಗುಣ. ಕತ್ತರಿಯ ಸಪ್ಪಳಕ್ಕೇ ಕಣ್ಣುಬಿಟ್ಟವಳಿಗೆ ಧೈರ್ಯ ಎಲ್ಲಿಂದ ಬರಬೇಕು?

ನನಗೆ ತಾಯಂದಿರು ಇಬ್ಬರು. ಒಬ್ಬಳು ರೋಸಾ, ಇನ್ನೊಬ್ಬಳು ಧಾರವಾಡದ ಚಿತ್ರಗಾರ್ತಿ ಶರ್ವಾಣಿ. ಇಬ್ಬರೂ ಕೂಡಿ ಹೊಲಿದು ಧಾರವಾಡದಲ್ಲಿ ಪ್ರದರ್ಶನಕ್ಕಿಡುವುದೆಂದು ಮಾತಾಗಿತ್ತು. ಶರ್ವಾಣಿ ಒಂದು ಬಣ್ಣ ಆರಿಸಿದರೆ ರೋಸಾ ಸುಮ್ಮನೆ ಅದನ್ನೆತ್ತಿ ಬೇರೆಯದನ್ನು ಇಡುತ್ತಿದ್ದಳು. ಹೊಲಿಗೆ ಅಂಚಿನಿಂದ ಸುತ್ತಿ ನಡುವಿಗೆ ಬರಲು ಮೂರು ತಿಂಗಳಾಯಿತು.

ಜಾಗ ಸಜ್ಜು ಮಾಡಲು ಶರ್ವಾಣಿ ಮೊದಲೇ ಹೊರಟುಹೋದಳು. ಆಮೇಲೆ ರೋಸಾ ನನ್ನ ನಾಲ್ಕು ಮೂಲೆಗೂ ಬಟ್ಟೆ ಮಡಚಿದ ತ್ರಿಕೋನ ಹಚ್ಚಿ, ಧಾರವಾಡದ ಬಸ್ಸಿಗೆ ಹಾಕಿ ಕಳಿಸಿದಳು. ಆ ತ್ರಿಕೋನಕ್ಕೆ ಫುಲಾ ಎನ್ನುತ್ತಾರೆ. ಫುಲಾ ಇಲ್ಲದ ಕೌದಿ ಅವರಲ್ಲಿ ಬೆತ್ತಲೆ. ರೋಸಾ ಇದನ್ನು ಶರ್ವಾಣಿಗೆ ಹೇಳಿರಲಿಲ್ಲ. ಮಗುವಿಗೆ ಅಂಗಿ ತೊಡಿಸಿರೆಂದು ಯಾರಾದರೂ ಹೇಳಿಕೊಡುತ್ತಾರೆಯೇ?

ಧಾರವಾಡದಲ್ಲಿ ಕಟ್ಟಿಗೆಯ ಚೌಕಟ್ಟು ಕಾದಿತ್ತು. ನನ್ನ ಮೂಲೆಯ ಫುಲಾಗಳು ಅದರಿಂದ ನಾಲ್ಕು ಬೆರಳು ಹೊರಗೆ ಚಾಚಿದವು. ಉಳಿದ ಚೂರಿರಬೇಕೆಂದು ಶರ್ವಾಣಿ ಕತ್ತರಿ ತೆಗೆದುಕೊಂಡಳು. ಬೇಡ ತಾಯಿ, ಬೇಡ ಎಂದು ಎಷ್ಟು ಒದರಿದೆನೋ. ನಾಲ್ಕೂ ಹೋದವು.

ಮರುದಿನ ನಾನು ಗೋಡೆಯ ಮೇಲೆ, ಮಂದಿಯ ಮುಂದೆ. ಅವರು ಹೊಗಳಿದಷ್ಟೂ ಭೂಮಿ ಬಾಯ್ಬಿಟ್ಟು ನುಂಗಬಾರದೇ ಅನಿಸುತ್ತಿತ್ತು. ರೋಸಾ ಮಧ್ಯಾಹ್ನದ ಬಸ್ಸಿಗೆ ಬರುವವಳಿದ್ದಳು. ಇವಳು ನನ್ನ ಮಗಳೇ ಅಲ್ಲ ಅಂದುಬಿಟ್ಟರೆ? ಬಾಗಿಲು ಸಪ್ಪಳವಾದಾಗಲೆಲ್ಲ ಗೋಡೆಗೆ ಅವಚಿಕೊಳ್ಳುತ್ತಿದ್ದೆ.

ರೋಸಾ ಬಂದಳು, ನೋಡಿದಳು, ಮುಖ ಬಾಡಿತು. ಶರ್ವಾಣಿ ಖುಷಿಯಲ್ಲಿ ಅವಳನ್ನು ಫೋಟೋಕ್ಕೆ ಕರೆದಳು.

"ನಾ ನಿಂದ್ರಂಗಿಲ್ರಿ ಬಾಯಾರ," ಎಂದಳು ರೋಸಾ. "ಮಗಳನ್ನ ಬತ್ತಲೆ ನಿಲ್ಲಿಸಿ, ಬಾಜೂಕ ನಿಂತು ನಗೂದು ನನಗಾಗಂಗಿಲ್ಲ. ಮೂಲಿ ಫುಲಾ ಎಲ್ಲಿ? ಅದಿಲ್ದ ಕೌದಿ ನಾವು ಯಾರ ಮುಂದನೂ ಹಾಸಂಗಿಲ್ಲ."

ಶರ್ವಾಣಿ ಒಳಗೋಡಿದಳು. ಕಸದ ಬುಟ್ಟಿಯಿಂದ ನಾಲ್ಕನ್ನೂ ಹೆಕ್ಕಿ ತಂದಳು. "ತಪ್ಪಾತು ರೋಸಾಬಾಯಿ. ನೀವ ಹಚ್ಚಿಬಿಡ್ರಿ."

ರೋಸಾ ಸೂಜಿಯನ್ನು ಅವಳ ಕೈಗೇ ಕೊಟ್ಟಳು. "ಕತ್ತರಿ ಹಿಡಿದ ಕೈಯೇ ಹೊಲೀಲಿ. ನಾ ಇಲ್ಲೇ ಕುಂದರ್ತೀನಿ."

ಚೌಕಟ್ಟು ಬಿಚ್ಚಿದರು. ಮಂದಿಯೆಲ್ಲ ನೋಡುತ್ತಿರಲು ಶರ್ವಾಣಿ ನೆಲಕ್ಕೆ ಕೂತು, ಬೆರಳು ಚುಚ್ಚಿಕೊಳ್ಳುತ್ತ ಹೊಲಿದಳು. ಎರಡನೇ ಮೂಲೆಗೆ ಬರುವಷ್ಟರಲ್ಲಿ ರೋಸಾ ದಾರ ಪೋಣಿಸಿ ಕೊಡತೊಡಗಿದಳು. ಆಗ ನನ್ನ ಅಂಜಿಕೆ ಇಳಿಯಿತು.

ಪ್ರದರ್ಶನ ಮುಗಿದಾಗ "ಥಂಡ್ಯಾಗ ಹೊಚ್ಕೋರಿ" ಎಂದು ರೋಸಾ ನನ್ನನ್ನು ಶರ್ವಾಣಿಗೇ ಬಿಟ್ಟುಹೋದಳು. ಈಗ ನಾನು ಮುದುಕಿ, ಶರ್ವಾಣಿಯ ಮಂಚದ ಮೇಲಿದ್ದೇನೆ. ರೋಸಾಳ ಹೊಲಿಗೆ ಒಂದೂ ಬಿಟ್ಟಿಲ್ಲ. ಇವಳು ಹಚ್ಚಿದ ಮೂಲೆಗಳು ಮಾತ್ರ ವರ್ಷಕ್ಕೊಮ್ಮೆ ಬಿಚ್ಚುತ್ತವೆ, ನನಗೆ ಮತ್ತೆ ಅದೇ ಹೆದರಿಕೆ. ಬೇರೆ ಯಾರು ಹೊಲಿಯುತ್ತೇನೆಂದರೂ ಅವಳು ಸೂಜಿ ಕೊಡುವುದಿಲ್ಲ. ಕನ್ನಡಕ ಏರಿಸಿಕೊಂಡು ತಾನೇ ಕೂರುತ್ತಾಳೆ. ಮೂಲೆ ಮುಚ್ಚುವತನಕ ಮನೆಗೆ ಯಾರು ಬಂದರೂ ಬಾಗಿಲು ತೆಗೆಯುವುದಿಲ್ಲ.