ಹತ್ತರ ಮೇಲೆ ನಿಂತ ಮುಳ್ಳು

“ಸತ್ತಿರೋದು ನಿನ್ನ ತಲೆ, ನನ್ನ ಇಂಜಿನ್ ಅಲ್ಲ! ಕೊಡೋ ಕೀಲಿ!”

“ಕೊಡಲ್ಲ ಅಣ್ಣ. ಮದುವೆ ದಿನಾನೇ ಮಸಣಕ್ಕೆ ಹೋಗ್ತೀಯಾ?” ಮೆಕ್ಯಾನಿಕ್ ಬೂಡ್ರೊ ಕೀಲಿಯನ್ನು ಜೇಬಿಗೆ ತುರುಕಿಕೊಂಡ.

ಮಧ್ಯಾಹ್ನ ಮೂರಕ್ಕೆ ಪ್ಯುಯೆಬ್ಲೊದ ಚರ್ಚಿನಲ್ಲಿ ನನಗೂ ಆರ್ಡಿಸ್‌ಗೂ ಮದುವೆ. ಬೆಟ್ಟದ ಮೇಲಿನ ನಮ್ಮ ಲೆಡ್‌ವಿಲ್‌ನಿಂದ ಮೂರು ಗಂಟೆಯ ಇಳಿಜಾರು ದಾರಿ. ನನ್ನ ಸಿಟ್ಟಿಗೆ ಹೆದರಿ ಅವಳು ಎರಡು ಸಲ ಮದುವೆ ಮುಂದೂಡಿದ್ದಳು. ಇದೂ ತಪ್ಪಿದರೆ ನಿನ್ನ ಪಾಡು ನಿನಗೆ ಎಂದಿದ್ದಳು. ಹೊರಡುವ ಮುಂಚೆ ಪಿಕಪ್ಪನ್ನು ಒಮ್ಮೆ ನೋಡಿಸೋಣವೆಂದು ಗ್ಯಾರೇಜಿಗೆ ತಂದದ್ದೇ ತಪ್ಪಾಯಿತು.

ಬೂಡ್ರೊ ಲೂಯಿಸಿಯಾನದ ಕಡಲ ತಡಿಯವನು. ನಿನ್ನೆಯಷ್ಟೇ ಕೆಲಸಕ್ಕೆ ಸೇರಿದ್ದ. ವ್ಯಾಕ್ಯೂಮ್ ಗೇಜಿನ ಕೊಳವೆ ಸಿಕ್ಕಿಸಿ, ನನ್ನ ಇಂಜಿನ್ ಗಾಳಿ ಹೀರುವ ಬಲ ಅಳೆದಿದ್ದ.

“ಹದಿನೆಂಟಾದ್ರೂ ಇರ್ಬೇಕು. ಬರೀ ಹತ್ತು! ಇದು ಗುಜರಿ!”

“ಮುಳ್ಳು ಅಲುಗಾಡ್ತಿದೆಯೇನೋ?” ಹೊರಗೆ ಕಾಯುತ್ತಿದ್ದ ಆರ್ಡಿಸ್ ಮದುವೆಯ ಬಿಳಿ ಗೌನು ಎತ್ತಿ ಹಿಡಿದು ಒಳಗೆ ಬಂದಳು. ಇಪ್ಪತ್ತು ವರ್ಷ ಶಾಲೆ ಬಸ್ಸು ಓಡಿಸಿ, ತಾನೇ ರಿಪೇರಿ ಮಾಡಿಕೊಂಡವಳು.

“ಇಲ್ಲಕ್ಕ, ನೆಟ್ಟಗೆ ನಿಂತಿದೆ.”

“ಹಂಗಾದ್ರೆ ಇಂಜಿನ್ ಸರಿಯಾಗೇ ಇದೆ. ನಿನ್ನ ಕಾರಿಗೂ ಹಾಕು.”

ಹಾಕಿದ. ಹತ್ತು. ಕಾರು ಕೊಂಡು ಎಂಟೇ ತಿಂಗಳಾಗಿತ್ತು. ಅವನು ನೆಲದ ಮೇಲೆ ಕೂತುಬಿಟ್ಟ. “ಅಯ್ಯೋ, ನಂದೂ ಸತ್ತಿದೆ!”

ಆರ್ಡಿಸ್ ನಕ್ಕು ನಕ್ಕು ಗೋಡೆಗೆ ಒರಗಿದಳು. “ಮಂಕೇ, ನೀನಿರೋದು ಕಡಲಿಗಿಂತ ಹತ್ತು ಸಾವಿರ ಅಡಿ ಮೇಲೆ! ಇಲ್ಲಿ ಗಾಳೀನೇ ತೆಳ್ಳಗೆ. ಸಾವಿರ ಅಡಿಗೆ ಒಂದೊಂದು ಕಮ್ಮಿ ತೋರಿಸುತ್ತೆ.”

“ನಂಬಲ್ಲ.”

“ಗಾಡಿ ಹತ್ತು. ಕಣ್ಣಾರೆ ನೋಡು.”

ಮೂವರೂ ಮುಂದಿನ ಸೀಟಿನಲ್ಲೇ ಒತ್ತಿಕೊಂಡು ಕೂತೆವು. ನಡುವೆ ಬೂಡ್ರೊ, ಅವನ ತೊಡೆಯ ಮೇಲೆ ಗೇಜು. ಎರಡು ಸಾವಿರ ಅಡಿ ಕೆಳಗಿನ ಬ್ಯೂನಾ ವಿಸ್ಟಾ ಊರಿನಲ್ಲಿ ನಿಲ್ಲಿಸಿ ಅಳೆದರೆ ಹನ್ನೆರಡು! ಅವನು ರಸ್ತೆಯಲ್ಲೇ ಕುಣಿದ. ಸಲೈಡಾದಲ್ಲಿ ಹದಿಮೂರು, ಬಂಕಿನಲ್ಲಿದ್ದ ಗುರುತಿಲ್ಲದ ಮುದುಕಿಯ ಕೆನ್ನೆಗೆ ಮುತ್ತಿಟ್ಟ. ಕ್ಯಾನ್ಯನ್ ಸಿಟಿಯಲ್ಲಿ ಹದಿನೈದಾದಾಗ ನಾನೂ ಸಿಟ್ಟು ಮರೆತು ಒಂದೇ ಸಮನೆ ಹಾರ್ನ್ ಬಾರಿಸಿದೆ.

ಚರ್ಚು ಮುಟ್ಟಿದಾಗ ಮೂರಕ್ಕೆ ಐದು ನಿಮಿಷ. ನನ್ನ ಜೊತೆಗಾರನಾಗಿ ನಿಂತ ಬೂಡ್ರೊ ಗ್ರೀಸಿನ ಕೈಯಲ್ಲೇ ನನಗೆ ಉಂಗುರ ಎತ್ತಿಕೊಟ್ಟ. ಪಾದ್ರಿ ಮಾತು ಮುಗಿಸಿದರು. ನಾನೂ ಆರ್ಡಿಸ್ಸೂ ಮುತ್ತಿಟ್ಟು ತಿರುಗುವಷ್ಟರಲ್ಲಿ ಅವನು ಗೇಜನ್ನು ಕಂಕುಳಲ್ಲಿ ಇರುಕಿಕೊಂಡು ಬಾಗಿಲಲ್ಲಿದ್ದ.

“ಎಲ್ಲಿಗೋ? ಕೇಕ್ ತಿನ್ನು!”

“ಹದಿನೆಂಟು ಇನ್ನೂ ಬಂದಿಲ್ಲ ಅಣ್ಣ! ಅದು ಕಡಲ ಕಡೆ ಇಳಿದ್ರೇನೇ ಸಿಗೋದು!”

ದಾರಿಯಲ್ಲಿ ಸಿಕ್ಕ ಲಾರಿ ಹತ್ತಿ ಹೋದವನು ಹೋಗಿಯೇ ಬಿಟ್ಟ. ಅವನ ಕಾರು ಇನ್ನೂ ಲೆಡ್‌ವಿಲ್‌ನ ಗ್ಯಾರೇಜಿನ ಮುಂದೆ ನಿಂತಿದೆ.